ಇಂಗ್ಲೆಂಡಿನ ಹೊಲಗಳಲ್ಲಿ ಮೆಟಲ್ ಡಿಟೆಕ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಕನ್ನಡಿಗರು ಸೇರಿದಾಗ ನನ್ನ ಈ ಹವ್ಯಾಸದ ಮಾತು ಬಂದರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಊರಿನಿಂದ ವಾಟ್ಸಾಪ್‌ನಲ್ಲಿ ಬರುವವು ಬೇರೆ. ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಬೇರೆ ದೇಶದ ಹೆಸರು ಹೇಳದ ಕಡೆ ಕಾನೂನಿನ ಮಾತೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದ್ದು.

ಇದು ನಿಧಿ ಹುಡುಕೋದೇ ಅಲ್ವಾ?

ಅಲ್ಲ. ಏಳು ಕೊಪ್ಪರಿಗೆ ಹೊನ್ನು, ಅದನ್ನು ಕಾಯುವ ಸರ್ಪ, ಅಮಾವಾಸ್ಯೆಯ ಪೂಜೆ ಯಾವುದೂ ಇಲ್ಲಿಲ್ಲ. ಮಣ್ಣಿನಲ್ಲಿ ಲೋಹ ಇದ್ದರೆ ಸದ್ದು ಮಾಡುವ ಮಷಿನ್ (ಮೆಟಲ್ ಡಿಟೆಕ್ಟರ್) ಹಿಡಿದು ಹೊಲದಲ್ಲಿ ನಿಧಾನವಾಗಿ ನಡೆಯುವುದು, ಸದ್ದು ಬಂದ ಕಡೆ ಒಂದು ಗೇಣು ಅಗೆದು ನೋಡುವುದು, ಅಷ್ಟೇ. ಸಿಗುವುದು ಹೆಚ್ಚಾಗಿ ಯಾರೋ ಕಳೆದುಕೊಂಡ ವಸ್ತುಗಳು. ಸಂತೆಗೆ ಹೋಗುವಾಗ ಜೇಬಿನಿಂದ ಬಿದ್ದ ನಾಣ್ಯ, ಕೋಟಿನಿಂದ ಕಿತ್ತುಹೋದ ಬಟನ್, ಬೆಲ್ಟಿನ ಬಕಲ್. ಯಾರೋ ಬಚ್ಚಿಟ್ಟ ರಾಶಿ ಸಿಗುವುದು ತೀರಾ ಅಪರೂಪ. ಅದನ್ನೇ ನಂಬಿಕೊಂಡು ಬಂದವರು ಬೇಗ ಮಷಿನ್ ಮಾರಿಬಿಡುತ್ತಾರೆ.

ಯಾರನ್ನೂ ಕೇಳದೆ ಹೋಗಿ ಅಗೆಯಬಹುದಾ?

ಖಂಡಿತ ಇಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ಜಮೀನಿಗೂ ಒಬ್ಬ ಮಾಲೀಕ ಇರುತ್ತಾನೆ. ಸಾರ್ವಜನಿಕರು ನಡೆಯುವ ಕಾಲುದಾರಿ ಹೊಲದ ನಡುವೆ ಹಾದು ಹೋಗಿದ್ದರೂ ಅದು ನಡೆಯುವ ಹಕ್ಕು ಮಾತ್ರ, ಅಗೆಯುವ ಹಕ್ಕಲ್ಲ. ಮಾಲೀಕರ ಒಪ್ಪಿಗೆ ಬೇಕು. ಗೇಣಿಗೆ ಉಳುವ ರೈತ ಬೇರೆ ಇದ್ದರೆ ಅವರ ಒಪ್ಪಿಗೆಯೂ ಬೇಕು.

ಮಾಲೀಕ ಒಪ್ಪಿದರೂ ಕೆಲವು ಜಾಗ ಮುಟ್ಟುವಂತಿಲ್ಲ. ಸಂರಕ್ಷಿತ ಸ್ಮಾರಕದ ಪಟ್ಟಿಯಲ್ಲಿರುವ ಜಾಗದಲ್ಲಿ ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವುದು 1979ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಕೋಟೆಯೇ ಕಾಣಬೇಕು ಅಂತಿಲ್ಲ. ಬರೀ ಹುಲ್ಲು ಬೆಳೆದ ದಿಬ್ಬವೂ ಪಟ್ಟಿಯಲ್ಲಿರಬಹುದು. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ನಕ್ಷೆ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಮನೆ ಬಿಡುವ ಮೊದಲೇ ನೋಡಿಕೊಳ್ಳಿ.

ಪಾರ್ಕು? ಬೀಚು? ಥೇಮ್ಸ್ ದಂಡೆ?

ಪಾರ್ಕು ಕೌನ್ಸಿಲಿನದು, ಅವರನ್ನು ಕೇಳಬೇಕು. ಎಷ್ಟೋ ಕೌನ್ಸಿಲ್‌ಗಳು ಒಪ್ಪುವುದಿಲ್ಲ. ಹಳೆಯ ಕಟ್ಟಡ, ಜಮೀನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಜಮೀನಿನಲ್ಲಿ ಹವ್ಯಾಸಕ್ಕೆ ಅವಕಾಶ ಇಲ್ಲ. ಬೀಚಿನ ಮಾಲೀಕರು ಯಾರು ಅನ್ನುವುದು ಊರಿಂದ ಊರಿಗೆ ಬೇರೆ, ಮೊದಲು ವಿಚಾರಿಸಿ. ಒಡೆದ ಹಡಗಿನ ಸಾಮಾನು ಸಿಕ್ಕರೆ 28 ದಿನದೊಳಗೆ ರಿಸೀವರ್ ಆಫ್ ರೆಕ್ ಎಂಬ ಅಧಿಕಾರಿಗೆ ತಿಳಿಸಬೇಕು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಗ್ಗಿ ಏನನ್ನಾದರೂ ಹುಡುಕಬೇಕಿದ್ದರೂ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರ್ಮಿಟ್ ಬೇಕು. ಅದಕ್ಕೆ ಕಾಯುವವರ ಸಾಲು ಉದ್ದ ಇದೆ.

ರೈತರನ್ನು ಹೇಗೆ ಕೇಳೋದು? ನಮ್ಮ ಮುಖ ನೋಡಿ ಒಪ್ತಾರಾ?

ಎಲ್ಲರೂ ಹಿಂಜರಿಯುವುದು ಇಲ್ಲೇ. ಇಮೇಲ್ ಬೇಡ. ಬಿತ್ತನೆ, ಕೊಯ್ಲಿನ ಗಡಿಬಿಡಿ ಇಲ್ಲದ ಹೊತ್ತಿನಲ್ಲಿ ಹೋಗಿ ಬಾಗಿಲು ತಟ್ಟಿ. ಹೆಸರು, ಮನೆ ಎಲ್ಲಿ, ಏನು ಕೆಲಸ ಎಲ್ಲ ಹೇಳಿ. ಮಷಿನ್ ಕಾರಿನಲ್ಲೇ ಇರಲಿ. ಕೈಯಲ್ಲಿ ಹಿಡಿದು ಹೋದರೆ ಆಗಲೇ ತೀರ್ಮಾನ ಮಾಡಿಕೊಂಡು ಬಂದಂತೆ ಕಾಣುತ್ತದೆ. ಮಾತಿಗೆ ಮಳೆ, ಬೆಳೆಯ ವಿಷಯ ಸಾಕು. ನಮ್ಮ ತಾತ ರಾಗಿ ಬೆಳೆಯುತ್ತಿದ್ದರು ಅಂದರೆ ಪೂರ್ವ ಇಂಗ್ಲೆಂಡಿನ ಸಫೊಕ್‌ನ ರೈತನಿಗೂ ಕುತೂಹಲ ಬರುತ್ತದೆ. ರಾಗಿ ಅಂದರೇನು ಅಂತ ವಿವರಿಸುವಷ್ಟರಲ್ಲಿ ಅರ್ಧ ಪರಿಚಯ ಆಗಿರುತ್ತದೆ. ಬೇಡ ಅಂದರೆ ಥ್ಯಾಂಕ್ಸ್ ಹೇಳಿ ಬನ್ನಿ, ವಾದ ಮಾಡಬೇಡಿ.

ಒಪ್ಪಿದರೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಹೊಲ, ಯಾವ ತಿಂಗಳು, ಸಿಕ್ಕಿದ್ದರಲ್ಲಿ ಯಾರಿಗೆ ಎಷ್ಟು. ಇದು ಸಂಕೋಚದ ವಿಷಯ ಅಂತ ಬಿಡಬೇಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಮಣ್ಣಿನಲ್ಲಿ ಸಿಗುವ ಮಾಮೂಲಿ ವಸ್ತು ಜಮೀನಿನ ಮಾಲೀಕನದು. ಬೆಲೆಬಾಳುವುದು ಸಿಕ್ಕ ಮೇಲೆ ಮಾತಾಡಲು ಕೂತರೆ ಸ್ನೇಹ ಉಳಿಯುವುದಿಲ್ಲ. ಹಣ, ಪಾಲು ಬಂದಾಗ ಅಣ್ಣತಮ್ಮಂದಿರೇ ಕೋರ್ಟಿಗೆ ಹೋಗುತ್ತಾರೆ, ಇನ್ನು ಪರಿಚಯವಷ್ಟೇ ಇದ್ದವರ ಕಥೆ ಏನು?

ಹೊಸಬರಿಗೆ ಸುಲಭದ ದಾರಿ ಊರಿನ ಡಿಟೆಕ್ಟಿಂಗ್ ಕ್ಲಬ್. ಕ್ಲಬ್‌ಗಳಿಗೆ ಮೊದಲೇ ಒಪ್ಪಿಗೆ ಪಡೆದ ಹೊಲಗಳಿರುತ್ತವೆ. ನ್ಯಾಷನಲ್ ಕೌನ್ಸಿಲ್ ಫಾರ್ ಮೆಟಲ್ ಡಿಟೆಕ್ಟಿಂಗ್‌ನ ಸದಸ್ಯರಾದರೆ ವಿಮೆಯೂ ಸಿಗುತ್ತದೆ. ರೈತರು ಮೊದಲು ಕೇಳುವುದು ಅದನ್ನೇ.

ಯಾವ ಮಷಿನ್ ತಗೋಬೇಕು? ಎಷ್ಟಾಗುತ್ತೆ?

ಶುರುವಿಗೆ 150ರಿಂದ 300 ಪೌಂಡ್‌ನ ಮಷಿನ್ ಧಾರಾಳ ಸಾಕು. ಅಮೆರಿಕದ ಗ್ಯಾರೆಟ್, ಟರ್ಕಿಯ ನೋಕ್ಟಾ, ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಈ ಬೆಲೆಯಲ್ಲಿ ಮಷಿನ್ ಮಾಡುತ್ತವೆ. ಸಾವಿರ ಪೌಂಡ್ ದಾಟುವ ಮಷಿನ್‌ಗಳೂ ಇವೆ. ಕಿವಿ ಪಳಗದೆ ಅವುಗಳಿಂದ ಲಾಭ ಇಲ್ಲ. ಉಳಿದ ದುಡ್ಡನ್ನು ಪಿನ್‌ಪಾಯಿಂಟರ್‌ಗೆ ಹಾಕಿ. ಕೈಯಲ್ಲಿ ಹಿಡಿಯುವ ಈ ಚಿಕ್ಕ ಡಿಟೆಕ್ಟರ್ ಇಲ್ಲದಿದ್ದರೆ ಕೆದಕಿದ ಮಣ್ಣಿನಲ್ಲೇ ನಾಣ್ಯ ಕಳೆದುಹೋಗುತ್ತದೆ. ಗಟ್ಟಿ ಸಲಿಕೆ, ಹೆಡ್‌ಫೋನ್, ಕಸ ಹಾಕಿಕೊಳ್ಳಲು ಚೀಲ ಇದ್ದರೆ ಆಯಿತು.

ಇದು ಹೇಗೆ ಕೆಲಸ ಮಾಡುತ್ತೆ? ಎಷ್ಟು ಆಳದವರೆಗೆ?

ತಟ್ಟೆಯಂಥ ಭಾಗದೊಳಗೆ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವನ್ನು ಮಣ್ಣಿಗೆ ಕಳಿಸುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ವಿದ್ಯುತ್ ಸುಳಿಗಳು ಹುಟ್ಟುತ್ತವೆ. ಅವುಗಳಿಂದ ಹೊರಡುವ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಆ ಉತ್ತರ ಎಷ್ಟು ತಡವಾಗಿ ಬಂತು ಅನ್ನುವುದರ ಮೇಲೆ ಕಬ್ಬಿಣವೋ ಬೆಳ್ಳಿಯೋ ಅಂತ ಮಷಿನ್ ಅಂದಾಜು ಮಾಡುತ್ತದೆ.

ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿ ಇಂಥದ್ದೇ ಒಂದು ಉಪಕರಣ ಮಾಡಿದ್ದರು. ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯಲ್ಲಿ ಗುಂಡು ಎಲ್ಲಿದೆ ಅಂತ ಹುಡುಕಲು. ಅದು ಸಿಗಲಿಲ್ಲ. ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳೂ ಅಡ್ಡ ಬಂದವು ಅಂತ ಹೇಳುತ್ತಾರೆ. ಆ ತೊಂದರೆ ಈಗಲೂ ತಪ್ಪಿಲ್ಲ. ತುದಿಗೆ ಸ್ಟೀಲ್ ಇರುವ ಬೂಟು ಹಾಕಿಕೊಂಡರೆ ಮಷಿನ್ ನಿಮ್ಮ ಕಾಲನ್ನೇ ಕಂಡುಹಿಡಿಯುತ್ತಾ ಇರುತ್ತದೆ.

ಒಂದು ನಾಣ್ಯ ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್ ಆಳದವರೆಗೆ ಗೊತ್ತಾಗುತ್ತದೆ. ದೊಡ್ಡ ವಸ್ತುವಾದರೆ ಇನ್ನೂ ಸ್ವಲ್ಪ ಜಾಸ್ತಿ. ಹತ್ತಾರು ಮೀಟರ್ ದೂರದ ಚಿನ್ನವನ್ನು ನಿಂತಲ್ಲೇ ತೋರಿಸುತ್ತದೆ ಅಂತ ಜಾಹೀರಾತು ಬರುವ ‘ಗೋಲ್ಡ್ ಸ್ಕ್ಯಾನರ್’ಗಳು ಬರೀ ಮೋಸ.

ಸದ್ದು ಕೇಳಿದರೆ ಏನಿದೆ ಅಂತ ಗೊತ್ತಾಗುತ್ತಾ?

ಸ್ವಲ್ಪ ಮಟ್ಟಿಗೆ. ಕಬ್ಬಿಣಕ್ಕೆ ಗೊರ್ ಅನ್ನುವ ತಗ್ಗಿದ ಸದ್ದು, ಬೆಳ್ಳಿ ತಾಮ್ರಕ್ಕೆ ಎತ್ತರದ ಸ್ವರ. ಗೋಳು ಇರುವುದು ನಡುವಿನ ಸ್ವರಗಳಲ್ಲಿ. ತೆಳು ಚಿನ್ನದ ಉಂಗುರ, ಸಿಗರೇಟ್ ಪ್ಯಾಕಿನ ಹಾಳೆ, ಕೋಲಾ ಕ್ಯಾನಿನ ಮುಚ್ಚಳದ ಕಿವಿ ಎಲ್ಲಾ ಒಂದೇ ಥರ ಕೂಗುತ್ತವೆ. ಹಾಗಾಗಿ ನಡುವಿನ ಸ್ವರ ಬಂದಾಗಲೆಲ್ಲ ಅಗೆಯಲೇಬೇಕು. ಕ್ಯಾನಿನ ಕಿವಿಗಳೇ ರಾಶಿ ಬೀಳುತ್ತವೆ.

ನಿಜವಾಗಿ ಏನು ಸಿಗುತ್ತೆ?

ಮೊದಲ ಸ್ಥಾನ ಕಸಕ್ಕೆ. ಬೇಟೆ ಕೋವಿಯ ತೋಟಾದ ಹಿತ್ತಾಳೆ ತಳ, ಟ್ರ್ಯಾಕ್ಟರಿನ ನಟ್ಟು, ಸೀಸದ ಚೂರು. ಆಮೇಲೆ ಬಟನ್‌ಗಳು, ಹಳೆಯ ಬಂದೂಕಿನ ಸೀಸದ ಗುಂಡುಗಳು, ವಿಕ್ಟೋರಿಯಾ ರಾಣಿಯ ತಾಮ್ರದ ಪೆನ್ನಿಗಳು. ಪೂರ್ವ ಇಂಗ್ಲೆಂಡಿನಲ್ಲಿ ರೋಮನ್ನರ ಕಂಚಿನ ನಾಣ್ಯಗಳೂ ಸಾಕಷ್ಟು ಸಿಗುತ್ತವೆ. ಹೆಚ್ಚಿನವು 3 ಮತ್ತು 4ನೇ ಶತಮಾನದವು, ಸವೆದು ಹೋಗಿ ರಾಜನ ಮೂಗು ಯಾವುದು ಕಿವಿ ಯಾವುದು ಅಂತ ತಿಳಿಯುವುದಿಲ್ಲ. ಮಾರಿದರೆ ಕಾಫಿ ದುಡ್ಡೂ ಬಾರದು.

ಎಲ್ಲರೂ ಆಸೆ ಪಡುವುದು ‘ಹ್ಯಾಮರ್ಡ್’ ನಾಣ್ಯಕ್ಕೆ. 1660ರ ದಶಕದಲ್ಲಿ ಯಂತ್ರದ ನಾಣ್ಯಗಳು ನೆಲೆಯೂರುವ ತನಕ ಇಲ್ಲಿ ಬೆಳ್ಳಿ ಬಿಲ್ಲೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದೇ ನಾಣ್ಯ ಮಾಡುತ್ತಿದ್ದರು. ಗಟ್ಟಿ ಅವಲಕ್ಕಿಯಷ್ಟು ತೆಳು. ಮಧ್ಯಯುಗದ ಪೆನ್ನಿಯ ಹಿಂದೆ ದೊಡ್ಡ ಶಿಲುಬೆ ಇರುತ್ತದೆ. ಚಿಲ್ಲರೆ ಬೇಕಾದಾಗ ಆ ಗೆರೆಯ ಮೇಲೆ ಕತ್ತರಿಸಿ ಅರ್ಧ, ಕಾಲು ಮಾಡಿಕೊಳ್ಳುತ್ತಿದ್ದರು. ನನಗೆ ಪೂರ್ತಿ ನಾಣ್ಯಕ್ಕಿಂತ ಈ ಕಾಲು ಚೂರುಗಳೇ ಇಷ್ಟ. ಪೂರ್ತಿ ನಾಣ್ಯದಲ್ಲಿ ರಾಜನ ಮುಖ ಕಾಣುತ್ತದೆ, ಚೂರಿನಲ್ಲಿ ಸಂತೆಯ ಚೌಕಾಸಿ ಕಾಣುತ್ತದೆ.

ಅಗೆಯೋದಕ್ಕೂ ರೀತಿ ಇದೆಯಾ?

ಇದೆ. ಹುಲ್ಲಿನ ನೆಲದಲ್ಲಿ ಮೂರು ಬದಿ ಕತ್ತರಿಸಿ, ನಾಲ್ಕನೇ ಬದಿಯ ಮೇಲೆ ಹುಲ್ಲುಹೆಂಟೆಯನ್ನು ಮಗುಚಿ. ಕೆಲಸ ಮುಗಿದ ಮೇಲೆ ಮಣ್ಣು ತುಂಬಿ, ಹೆಂಟೆ ಮುಚ್ಚಿ, ಕಾಲಿನಿಂದ ಒತ್ತಿ. ಕುಳಿ ಹಾಗೇ ಬಿಟ್ಟರೆ ಕುರಿ, ಕುದುರೆಯ ಕಾಲು ಮುರಿಯುತ್ತದೆ, ನಿಮ್ಮ ಒಪ್ಪಿಗೆಯೂ ಮುರಿಯುತ್ತದೆ. ನೇಗಿಲು ಮುಟ್ಟುವ ಆಳಕ್ಕಿಂತ ಕೆಳಗೆ ಹೋಗಬೇಡಿ. ಮೇಲಿನ ಮಣ್ಣು ನೂರಾರು ವರ್ಷ ಉಳುಮೆಯಲ್ಲಿ ಕಲಸಿಹೋಗಿರುತ್ತದೆ. ಕೆಳಗಿನ ಪದರ ಇಟ್ಟ ಜಾಗದಲ್ಲೇ ಇರುತ್ತದೆ, ಅದನ್ನು ಕೆದಕುವ ಕೆಲಸ ಪುರಾತತ್ವದವರದು. ಬಿತ್ತಿದ ಹೊಲಕ್ಕೆ ಕಾಲಿಡಬೇಡಿ. ಗೇಟು ಹೇಗಿತ್ತೋ ಹಾಗೇ ಬಿಡಿ. ಕಸವನ್ನು ಮನೆಗೆ ತನ್ನಿ.

ಹುಣಸೆಹಣ್ಣು ಹಾಕಿ ತೊಳೆದರೆ ಫಳಫಳ ಆಗಲ್ವಾ?

ಆಗುತ್ತದೆ, ಜೊತೆಗೆ ನಾಣ್ಯವೂ ಹಾಳಾಗುತ್ತದೆ. ದೇವರ ದೀಪ ತಿಕ್ಕುವ ವಿದ್ಯೆ ಇಲ್ಲಿ ಬೇಡ. ತಾಮ್ರ, ಕಂಚಿನ ಮೇಲಿನ ಹಸಿರು ಪದರದಲ್ಲೇ ಅಕ್ಷರ, ಚಿತ್ರ ಉಳಿದಿರುತ್ತವೆ. ಅದು ಹೋದರೆ ಚಿತ್ರವೂ ಹೋಯಿತು. ಬೆಳ್ಳಿಯನ್ನು ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿದರೆ ಸಾಕು. ಹೊಲದಲ್ಲಿ ಎಂಜಲು ಹಚ್ಚಿ ಬೆರಳಿನಿಂದ ಉಜ್ಜುವ ಚಟ ಎಲ್ಲರಿಗೂ ಇದೆ, ಅದನ್ನೂ ಬಿಡಿ.

ಕಾನೂನಿನ ಪ್ರಕಾರ ‘ಟ್ರೆಷರ್’ ಅಂದ್ರೆ ಏನು?

1996ರ ಟ್ರೆಷರ್ ಕಾಯ್ದೆ ಇದನ್ನು ಹೇಳುತ್ತದೆ. 300 ವರ್ಷಕ್ಕಿಂತ ಹಳೆಯದಾಗಿದ್ದು, ತೂಕದಲ್ಲಿ ಶೇ 10ರಷ್ಟಾದರೂ ಚಿನ್ನ ಅಥವಾ ಬೆಳ್ಳಿ ಇರುವ ವಸ್ತು ಟ್ರೆಷರ್. ನಾಣ್ಯಕ್ಕೆ ನಿಯಮ ಬೇರೆ: ಅಷ್ಟೇ ಹಳೆಯ ಚಿನ್ನ, ಬೆಳ್ಳಿ ನಾಣ್ಯ ಒಂದೇ ಕಡೆ ಎರಡು ಸಿಕ್ಕರೂ ಟ್ರೆಷರ್. ತಾಮ್ರ, ಕಂಚಿನದಾದರೆ ಹತ್ತು ಇರಬೇಕು. ಒಂಟಿಯಾಗಿ ಬಿದ್ದ ಒಂದು ಚಿನ್ನದ ನಾಣ್ಯ ಸಾಮಾನ್ಯವಾಗಿ ಟ್ರೆಷರ್ ಅಲ್ಲ. ವಿಚಿತ್ರ ಅನ್ನಿಸಿದರೂ ನಿಯಮ ಹಾಗೇ ಇದೆ.

ಕಾಯ್ದೆಯಲ್ಲಿ ಒಂದು ದೊಡ್ಡ ತೂತು ಇತ್ತು. 2010ರಲ್ಲಿ ಕಂಬ್ರಿಯಾದ ಕ್ರಾಸ್ಬಿ ಗ್ಯಾರೆಟ್ ಎಂಬಲ್ಲಿ ಮುಖವಾಡ ಇರುವ ಅದ್ಭುತವಾದ ರೋಮನ್ ಶಿರಸ್ತ್ರಾಣ ಸಿಕ್ಕಿತು. ಅದು ತಾಮ್ರದ ಮಿಶ್ರಲೋಹ, ಮೇಲಾಗಿ ಒಂದೇ ವಸ್ತು. ಹಾಗಾಗಿ ಟ್ರೆಷರ್ ಆಗಲಿಲ್ಲ. ಹರಾಜಿನಲ್ಲಿ ಸುಮಾರು 23 ಲಕ್ಷ ಪೌಂಡ್‌ಗೆ ಖಾಸಗಿಯವರ ಪಾಲಾಯಿತು. ಕಾರ್ಲೈಲ್‌ನ ಮ್ಯೂಸಿಯಂ ಕೈ ಚೆಲ್ಲಿ ನಿಂತಿತು. 2023ರ ಜುಲೈನಿಂದ ನಿಯಮ ಬದಲಾಗಿದೆ. 200 ವರ್ಷ ದಾಟಿದ, ವಿಶೇಷ ಚಾರಿತ್ರಿಕ ಮಹತ್ವ ಇರುವ ವಸ್ತು ಯಾವ ಲೋಹದ್ದಾದರೂ ಈಗ ಟ್ರೆಷರ್ ಆಗಬಹುದು.

ಟ್ರೆಷರ್ ಅನ್ನಿಸಿದರೆ 14 ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ವರದಿ ಹೋಗಬೇಕು. ನೀವು ಜಿಲ್ಲೆಯ ಫೈಂಡ್ಸ್ ಲಿಯೇಸಾನ್ ಆಫೀಸರ್‌ಗೆ (ಹೀಗೆ ಸಿಕ್ಕ ವಸ್ತುಗಳನ್ನು ದಾಖಲಿಸುವ ಅಧಿಕಾರಿ) ಹೇಳಿದರೆ ಅವರೇ ದಾರಿ ತೋರಿಸುತ್ತಾರೆ. ಮ್ಯೂಸಿಯಂ ಬೇಕು ಅಂದರೆ ಒಂದು ಸಮಿತಿ ಬೆಲೆ ಕಟ್ಟುತ್ತದೆ. ಆ ಹಣ ಸಾಮಾನ್ಯವಾಗಿ ಸಿಕ್ಕವರಿಗೆ ಅರ್ಧ, ಜಮೀನಿನವರಿಗೆ ಅರ್ಧ. ಮ್ಯೂಸಿಯಂಗೆ ಬೇಡವಾದರೆ ವಸ್ತು ವಾಪಸ್ ಬರುತ್ತದೆ. ಇದೆಲ್ಲ ಮುಗಿಯಲು ತಿಂಗಳುಗಳಲ್ಲ, ಎಷ್ಟೋ ಸಲ ವರ್ಷಗಳೇ ಬೇಕು.

ದೊಡ್ಡ ರಾಶಿ ಸಿಕ್ಕಿದರೆ ಮೊದಲು ಏನು ಮಾಡಬೇಕು?

ಅಗೆಯುವುದನ್ನು ನಿಲ್ಲಿಸಿ. ಫೋಟೋ ತೆಗೆಯಿರಿ, ಜಾಗ ಗುರುತು ಮಾಡಿಕೊಳ್ಳಿ, ರೈತರಿಗೂ ಅಧಿಕಾರಿಗೂ ಫೋನ್ ಮಾಡಿ. ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಹಾಕಿದರೆ ರಾತ್ರಿಯೇ ಕಳ್ಳರು ಬರುತ್ತಾರೆ.

ಹೀಗೆ ನಿಲ್ಲಿಸಿದ್ದರಿಂದ ಏನು ಉಳಿಯಿತು ಅನ್ನುವುದಕ್ಕೆ ಸಫೊಕ್‌ನ ಹಾಕ್ಸನ್ ಸಾಕ್ಷಿ. 1992ರ ನವೆಂಬರ್‌ನಲ್ಲಿ ಅಲ್ಲಿನ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡು ಅಂತ ಡಿಟೆಕ್ಟರ್ ಇದ್ದ ಗೆಳೆಯ ಎರಿಕ್ ಲಾಸ್ ಅವರನ್ನು ಕರೆದರು. ಸುತ್ತಿಗೆಯ ಬದಲು ಬೆಳ್ಳಿ ಚಮಚ, ಚಿನ್ನದ ಒಡವೆ, ನಾಣ್ಯ ಬರತೊಡಗಿದವು. ಲಾಸ್ ಒಂದಿಷ್ಟು ತೆಗೆದ ಮೇಲೆ ಕೈ ನಿಲ್ಲಿಸಿ ತಿಳಿಸಿದರು. ಉಳಿದದ್ದನ್ನು ಪುರಾತತ್ವದವರು ಇದ್ದ ಹಾಗೇ ಬಿಡಿಸಿದರು. ಹಾಗಾಗಿಯೇ ಯಾವ ವಸ್ತು ಯಾವುದರ ಪಕ್ಕ ಇತ್ತು, ಮರದ ಪೆಟ್ಟಿಗೆ ಹೇಗಿತ್ತು ಎಲ್ಲ ತಿಳಿಯಿತು. ಒಟ್ಟು ಸುಮಾರು 15 ಸಾವಿರ ರೋಮನ್ ನಾಣ್ಯಗಳು! ಬಹುಮಾನ ಹದಿನೇಳೂವರೆ ಲಕ್ಷ ಪೌಂಡ್. ಲಾಸ್ ಅದನ್ನು ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಆಮೇಲೆ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಅಲ್ಲಿಗೆ ಹೋದರೆ ಆ ರಾಶಿಯ ನಾಲ್ಕು ಬೆಳ್ಳಿ ಮೆಣಸಿನ ಡಬ್ಬಿಗಳನ್ನು ನೋಡದೆ ಬರಬೇಡಿ. ಒಂದು ರಾಣಿಯಂತೆ ಕಾಣುವ ಹೆಂಗಸಿನ ಆಕಾರದಲ್ಲಿದೆ. ರೋಮನ್ನರ ಕಾಳುಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಅವರ ಚಿನ್ನ, ಬೆಳ್ಳಿ ಈ ಕಡೆ ಬಂತು. ಬೆಂಗಳೂರಿನ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ.

ಸುಮ್ನೆ ಇಟ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ?

ಗೊತ್ತಾಗುತ್ತದೆ. 2015ರಲ್ಲಿ ಹೆರೆಫರ್ಡ್‌ಶೈರ್‌ನ ಲೆಮ್‌ಸ್ಟರ್ ಬಳಿ ಇಬ್ಬರಿಗೆ ವೈಕಿಂಗ್ ಕಾಲದ ಒಡವೆ, ನಾಣ್ಯಗಳ ರಾಶಿ ಸಿಕ್ಕಿತು. ಸುಮಾರು 300 ನಾಣ್ಯ ಇದ್ದಿರಬಹುದು ಅಂತ ಅಂದಾಜು. ತಿಳಿಸದೆ ಗುಟ್ಟಾಗಿ ಮಾರಹೊರಟರು. ಮೊಬೈಲ್‌ನಿಂದ ಅಳಿಸಿದ್ದ ಫೋಟೋಗಳನ್ನು ಪೊಲೀಸರು ವಾಪಸ್ ತೆಗೆದರು. 2019ರಲ್ಲಿ ಒಬ್ಬರಿಗೆ 10 ವರ್ಷ, ಇನ್ನೊಬ್ಬರಿಗೆ ಎಂಟೂವರೆ ವರ್ಷ ಜೈಲು. ಮೇಲ್ಮನವಿಯಲ್ಲಿ ಶಿಕ್ಷೆ ಕಡಿಮೆಯಾಯಿತು. ಆದರೆ ಹೆಚ್ಚಿನ ನಾಣ್ಯಗಳು ಕೈಗೆ ಸಿಗಲೇ ಇಲ್ಲ. ನೇರವಾಗಿ ತಿಳಿಸಿದ್ದರೆ ಲಕ್ಷಾಂತರ ಪೌಂಡ್ ನ್ಯಾಯವಾಗಿ ಬರುತ್ತಿತ್ತು. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಚಿನ್ನ, ಬೆಳ್ಳಿ ವಸ್ತುಗಳ ರಾಶಿ ಸಿಕ್ಕಾಗ ತಿಳಿಸಿದ ಟೆರ್ರಿ ಹರ್ಬರ್ಟ್ ಮತ್ತು ಆ ಹೊಲದ ರೈತ ಸೇರಿ ಹಂಚಿಕೊಂಡದ್ದು ಸುಮಾರು 33 ಲಕ್ಷ ಪೌಂಡ್.

ಟ್ರೆಷರ್ ಅಲ್ಲದ ಬಟನ್, ಬಕಲ್‌ಗಳನ್ನೂ ಯಾಕೆ ತೋರಿಸಬೇಕು?

ಕಾನೂನಿನ ಒತ್ತಾಯ ಇಲ್ಲ. ಆದರೂ ತೋರಿಸಿ. ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅಂತ 1997ರಿಂದ ಒಂದು ಯೋಜನೆ ಇದೆ. ಸಿಕ್ಕ ವಸ್ತುವಿನ ಫೋಟೋ, ಅಳತೆ, ಜಾಗ ಬರೆದುಕೊಂಡು ವಸ್ತುವನ್ನು ನಿಮಗೇ ಕೊಡುತ್ತಾರೆ. ಈಗ ಅಲ್ಲಿ 15 ಲಕ್ಷಕ್ಕೂ ಜಾಸ್ತಿ ವಸ್ತುಗಳ ದಾಖಲೆ ಇದೆ.

ಜಾಗ ಬರೆದಿಡುವುದಕ್ಕೆ ಎಷ್ಟು ಬೆಲೆ ಅನ್ನುವುದು ಬಾಸ್‌ವರ್ತ್‌ನಲ್ಲಿ ಗೊತ್ತಾಯಿತು. 1485ರಲ್ಲಿ ರಾಜ ಮೂರನೇ ರಿಚರ್ಡ್ ಸತ್ತ ಯುದ್ಧಭೂಮಿ ಅದು. ಎಲ್ಲರೂ ಒಂದು ಗುಡ್ಡವನ್ನು ತೋರಿಸುತ್ತಿದ್ದರು. ಪುರಾತತ್ವದವರು ಡಿಟೆಕ್ಟರ್ ಹಿಡಿದವರನ್ನು ಕೂಡಿಸಿಕೊಂಡು ಸುತ್ತಲಿನ ಹೊಲಗಳನ್ನು ವರ್ಷಗಟ್ಟಲೆ ಹುಡುಕಿದರು. ಸೀಸದ ಗುಂಡುಗಳು, ರಿಚರ್ಡನ ಲಾಂಛನವಾದ ಕಾಡುಹಂದಿಯ ಪುಟ್ಟ ಬೆಳ್ಳಿ ಬಿಲ್ಲೆ ಸಿಕ್ಕಿದ್ದು ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ! ಆ ಗುಂಡುಗಳನ್ನು ಯಾರಾದರೂ ಮೊದಲೇ ಆಯ್ದು ಡಬ್ಬಿಗೆ ಹಾಕಿಕೊಂಡಿದ್ದರೆ ಇವತ್ತಿಗೂ ಆ ಗುಡ್ಡವನ್ನೇ ತೋರಿಸುತ್ತಿದ್ದರು.

ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದಲ್ಲಿ?

ಸ್ಕಾಟ್ಲೆಂಡಿನಲ್ಲಿ ಹವ್ಯಾಸಕ್ಕೆ ಅಡ್ಡಿ ಇಲ್ಲ. ಆದರೆ ಮಾಲೀಕರಿಲ್ಲದ ಹಳೆಯ ವಸ್ತು ಯಾವ ಲೋಹದ್ದಾದರೂ ಅರಸೊತ್ತಿಗೆಗೆ ಸೇರುತ್ತದೆ, ತಿಳಿಸಲೇಬೇಕು. ಐರ್ಲೆಂಡ್ ಗಣರಾಜ್ಯದಲ್ಲಿ ಪರವಾನಗಿ ಇಲ್ಲದೆ ಡಿಟೆಕ್ಟರ್ ಹಿಡಿದು ಪ್ರಾಚೀನ ವಸ್ತು ಹುಡುಕುವುದೇ ಅಪರಾಧ. ಉತ್ತರ ಐರ್ಲೆಂಡಿನಲ್ಲಿ ಪರವಾನಗಿ ಇಲ್ಲದೆ ಅದಕ್ಕಾಗಿ ಅಗೆಯುವುದು ಅಪರಾಧ. ಡಬ್ಲಿನ್ ಕನ್ನಡಿಗರು ದಯವಿಟ್ಟು ಗಮನಿಸಿ. ಅಮೆರಿಕದಲ್ಲಿ ಫೆಡರಲ್ ಮತ್ತು ಮೂಲನಿವಾಸಿಗಳ ಜಮೀನಿನಲ್ಲಿ 100 ವರ್ಷ ದಾಟಿದ ಪುರಾತನ ವಸ್ತು ಅಗೆದು ತೆಗೆಯುವಂತಿಲ್ಲ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಬೇಕು.

ರಜಕ್ಕೆ ಬರುವಾಗ ಮಷಿನ್ ತಗೊಂಡು ಬಾ, ಹಂಪಿ ಕಡೆ ಹೋಗೋಣ ಅಂತಾನೆ ಗೆಳೆಯ. ಏನಂತೀರಿ?

ಬೇಡವೇ ಬೇಡ. ಇದೊಂದು ಪ್ರಶ್ನೆಗೆ ನಾನು ನಗುನಗುತ್ತಾ ಉತ್ತರ ಕೊಡುವುದಿಲ್ಲ.

ಭಾರತದಲ್ಲೂ ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಸ್ಮಾರಕ ಅಲ್ಲದ ಜಾಗದಲ್ಲೂ ಇಂಗ್ಲೆಂಡಿನಂಥ ಏರ್ಪಾಡು ನಮ್ಮಲ್ಲಿ ಇಲ್ಲ. ದೇಶದಲ್ಲಿ 1878ರ ನಿಧಿ ಕಾಯ್ದೆ ಇದೆ. ಮಣ್ಣಿನಲ್ಲಿ ಅಡಗಿದ್ದ, ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಅದು ಹೇಳುತ್ತದೆ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. 1972ರ ಕಾಯ್ದೆಯಂತೆ 100 ವರ್ಷ ದಾಟಿದ ನಾಣ್ಯ, ಶಿಲ್ಪ, ಕಲಾವಸ್ತುಗಳನ್ನು ಪ್ರಾಚೀನ ವಸ್ತು ಅಂತ ಪರಿಗಣಿಸುತ್ತಾರೆ. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ.

ಕಾನೂನು ಪಕ್ಕಕ್ಕಿಡಿ. ನಿಧಿಯಾಸೆಗೆ ಗರ್ಭಗುಡಿ ಅಗೆದರು, ನಂದಿಯನ್ನು ಕಿತ್ತುಹಾಕಿದರು ಅನ್ನುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹಳ್ಳಿಯ ಹೊರಗೆ ಮಷಿನ್ ಹಿಡಿದು ನಿಂತ ಅಪರಿಚಿತನನ್ನು ಊರವರು ನಿಧಿಗಳ್ಳ ಅಂತಲೇ ತಿಳಿಯುತ್ತಾರೆ. ತಪ್ಪೇನಿಲ್ಲ ಅಲ್ವಾ? ಹಳೆಯ ನಾಣ್ಯದ ಹುಚ್ಚು ಇದ್ದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋಗಿ. ಚಂದ್ರವಳ್ಳಿಯ ವಸ್ತುಗಳು ಅಲ್ಲಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲಿ ಪದರ ಪದರವಾಗಿ ಅಗೆಸಿದ್ದರಿಂದಲೇ ಆ ನೆಲದ ಕಾಲಾನುಕ್ರಮ ಗೊತ್ತಾಯಿತು.

ಉಳುವಾಗ, ಪಾಯ ತೋಡುವಾಗ ತಾನಾಗಿಯೇ ಏನಾದರೂ ಸಿಕ್ಕರೆ?

ಅಲ್ಲೇ ಕೆಲಸ ನಿಲ್ಲಿಸಿ. ತಹಶೀಲ್ದಾರ್ ಅಥವಾ ಪೊಲೀಸರಿಗೆ ತಿಳಿಸಿ, ಮಹಜರಿನಲ್ಲಿ ಸಿಕ್ಕವರ ಹೆಸರು, ಸರ್ವೆ ನಂಬರ್ ಸರಿಯಾಗಿ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಅಕ್ಕಸಾಲಿಗರ ಅಂಗಡಿಗೆ ಒಯ್ದು ಕರಗಿಸಿದರೆ ವಸ್ತುವೂ ಹೋಯಿತು, ಕೇಸೂ ಬಂತು.

ಇಲ್ಲಿ ಸಿಕ್ಕ ನಾಣ್ಯವನ್ನು ಅಪ್ಪ ಅಮ್ಮನಿಗೆ ತೋರಿಸಲು ಊರಿಗೆ ತರಬಹುದಾ?

ಬ್ರಿಟನ್ನಿನ ಮಣ್ಣಿನಲ್ಲಿ ಸಿಕ್ಕ ಪುರಾತನ ವಸ್ತು ದೇಶ ಬಿಡಲು ರಫ್ತು ಪರವಾನಗಿ ಬೇಕಾಗುತ್ತದೆ, ಬೆಲೆ ಎಷ್ಟೇ ಕಡಿಮೆ ಇರಲಿ. ವಿಡಿಯೋ ಕಾಲ್ ಮಾಡಿ ತೋರಿಸಿ.

ಬಾಂಬ್ ಸಿಕ್ಕರೆ?

ಎರಡನೇ ಮಹಾಯುದ್ಧದ್ದು ಇನ್ನೂ ಸಿಗುತ್ತವೆ. ಮುಟ್ಟಬೇಡಿ. ಜಾಗ ನೆನಪಿಟ್ಟುಕೊಂಡು ದೂರ ಹೋಗಿ 999ಕ್ಕೆ ಫೋನ್ ಮಾಡಿ.

ಮಕ್ಕಳನ್ನು ಕರ್ಕೊಂಡು ಹೋಗಬಹುದಾ?

ಧಾರಾಳವಾಗಿ. ಆಗಸ್ಟ್‌ನಲ್ಲಿ ಕೊಯ್ಲು ಮುಗಿದು ಮತ್ತೆ ಬಿತ್ತುವ ಮೊದಲಿನ ವಾರಗಳು ಒಳ್ಳೆಯದು. ಹೊಲ ಖಾಲಿ ಇರುತ್ತದೆ, ಚಳಿಯೂ ಇರುವುದಿಲ್ಲ. ಪಿನ್‌ಪಾಯಿಂಟರ್ ಅವರ ಕೈಗೆ ಕೊಡಿ, ಅವರಿಗೆ ಖುಷಿ ಕೊಡುವುದು ಅದೇ. ಧನುರ್ವಾತದ ಚುಚ್ಚುಮದ್ದು ಆಗಿದೆಯಾ ನೋಡಿಕೊಳ್ಳಿ. ತಿಂಡಿಗೆ ಮುಂಚೆ ಕೈ ತೊಳೆಸಿ, ಹೊಲದಲ್ಲಿ ಗೊಬ್ಬರ, ಸೀಸ ಎರಡೂ ಇರುತ್ತವೆ. ಎರಡು ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ, ಆಮೇಲೆ ಅವರು ಮಷಿನ್‌ಗಿಂತ ಜೋರಾಗಿ ಕೂಗುತ್ತಾರೆ.